ಒಂದೂವರೆ ತಿಂಗಳು ಸೋರಿದ ಮೂಗು: ಒಂದು ಪ್ರಕರಣ ಅಧ್ಯಯನ

ನೆಗಡಿ ಅಂದರೆ ಒಂದು ವಾರದ ಕಾಟ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಮ್ಮ ಅಕ್ಕನಿಗೆ ಅದು ಒಂದೂವರೆ ತಿಂಗಳು ಬಿಡಲಿಲ್ಲ. ಹಬೆ ತಗೊಂಡಳು, ಬಿಸಿನೀರು ಕುಡಿದಳು, ಮುಲಾಮು ಹಚ್ಚಿದಳು, ಮೂಗಿಗೆ ಡ್ರಾಪ್ಸ್ ಹಾಕಿದಳು. ಒಂದು ಗಂಟೆ ಹಾಯಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಪಾಡು. ಕೊನೆಗೆ ಗೊತ್ತಾದದ್ದು ಏನೆಂದರೆ, ಅವಳ ಮೂಗಿನಲ್ಲಿ ಮೂರು ಬೇರೆ ಬೇರೆ ಕಾರಣಗಳು ಒಂದರ ಹಿಂದೆ ಒಂದು ಬಂದು ಸೇರಿಕೊಂಡಿದ್ದವು. ಒಂದಕ್ಕೆ ಹೊಂದುವ ಮದ್ದು ಇನ್ನೊಂದನ್ನು ಕೆಣಕುತ್ತಿತ್ತು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇದೇ ಸುಳಿಯಲ್ಲಿ ಸಿಕ್ಕಿಕೊಂಡವರು ತುಂಬಾ ಜನ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ಶುರುವಾದದ್ದು ಹೀಗೆ

ಅಕ್ಕನಿಗೆ 42 ವರ್ಷ. ಬಿಪಿ ಇಲ್ಲ, ಶುಗರ್ ಇಲ್ಲ, ದಿನಾ ತಗೊಳ್ಳುವ ಮಾತ್ರೆ ಯಾವುದೂ ಇಲ್ಲ. ಚಿಕ್ಕವಳಿದ್ದಾಗಿನಿಂದ ಬೆಳಗ್ಗೆ ಎದ್ದ ಕೂಡಲೇ ನಾಲ್ಕೈದು ಸೀನು ಬರುತ್ತಿತ್ತು. ಅದು ಅವಳ ಅಭ್ಯಾಸ ಅಂತ ಮನೆಯವರೆಲ್ಲ ಸುಮ್ಮನಿದ್ದರು. ಈ ಸಣ್ಣ ವಿಷಯ ಮುಂದೆ ದೊಡ್ಡ ಸುಳಿವಾಯಿತು.

ಆಗಷ್ಟೇ ಮನೆ ಬದಲಾಯಿಸಿದ್ದರು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೆ ಹೊದಿಕೆ, ದಿಂಬುಗಳು ಹೊರಗೆ ಬಂದಿದ್ದವು. ಅದೇ ಹೊತ್ತಿಗೆ ಅವಳ ಮಗ ಶಾಲೆಯಿಂದ ನೆಗಡಿ ಹಚ್ಚಿಕೊಂಡು ಬಂದ. ಎರಡೇ ದಿನದಲ್ಲಿ ಅಕ್ಕನಿಗೂ ಹತ್ತಿತು. ಮೊದಲು ಗಂಟಲು ಕೆರೆತ. ಮಾರನೇ ದಿನ ಮೂಗಿನಿಂದ ಧಾರಾಕಾರ ನೀರು. ಜ್ವರ ಇರಲಿಲ್ಲ, ಮೈ ಸ್ವಲ್ಪ ಭಾರ ಅಷ್ಟೆ.

ಇದು ನೇರವಾದ ನೆಗಡಿ. ಇದಕ್ಕೆ ಕಾರಣವಾಗುವ ವೈರಸ್‌ಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ಜಾಸ್ತಿ ಕಾಣಿಸಿಕೊಳ್ಳುವುದು ರೈನೋವೈರಸ್. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ ನೆಗಡಿ ಆಗುವುದು ಮಾಮೂಲು. ಸಣ್ಣ ಮಕ್ಕಳಿಗೆ ಇನ್ನೂ ಜಾಸ್ತಿ. ಎರಡನೇ ಮೂರನೇ ದಿನ ಜೋರಾಗಿರುತ್ತದೆ, ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ.

ಮೂಗು ಸೋರುವುದೇ ರೋಗ ಅಂತ ನಮಗೆ ಅನ್ನಿಸುತ್ತದೆ. ಆದರೆ ಆರೋಗ್ಯವಾಗಿರುವ ಮೂಗು ಕೂಡ ದಿನವಿಡೀ ಲೋಳೆ ತಯಾರಿಸುತ್ತಲೇ ಇರುತ್ತದೆ. ಅದು ಎಲ್ಲಿ ಹೋಗುತ್ತದೆ? ಮೂಗಿನ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ತೂಗುವ ಪೈರಿನ ಹಾಗೆ ಅವು ಒಂದೇ ಲಯದಲ್ಲಿ ಬಾಗುತ್ತಾ, ಧೂಳು, ರೋಗಾಣು ಎಲ್ಲವನ್ನೂ ಲೋಳೆಯ ಜೊತೆ ಗಂಟಲಿನ ಕಡೆಗೆ ತಳ್ಳುತ್ತವೆ. ನಾವು ಗೊತ್ತಿಲ್ಲದೆ ಅದನ್ನು ನುಂಗುತ್ತೇವೆ, ಹೊಟ್ಟೆಯ ಆಮ್ಲ ಉಳಿದದ್ದನ್ನು ನೋಡಿಕೊಳ್ಳುತ್ತದೆ. ವೈರಸ್ ಬಂದಾಗ ಈ ರೋಮಗಳ ಕೆಲಸ ಕೆಡುತ್ತದೆ, ಗ್ರಂಥಿಗಳು ನೀರು ಜಾಸ್ತಿ ಬಿಡುತ್ತವೆ, ರಕ್ತನಾಳಗಳು ಉಬ್ಬುತ್ತವೆ. ಸೋರುವುದು, ಕಟ್ಟುವುದು ಎರಡೂ ಒಟ್ಟಿಗೆ ಆಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಪ್ರಕರಣ ಇದರ ಮೇಲೆಯೇ ನಿಂತಿದೆ. ಮೂಗು ಸೋರುವುದು ಬೇರೆ, ಮೂಗು ಕಟ್ಟುವುದು ಬೇರೆ. ಸೋರುವುದು ಗ್ರಂಥಿಗಳು ಬಿಡುವ ನೀರಿನಿಂದ. ಕಟ್ಟುವುದು ಬಹುಪಾಲು ಒಳಗಿನ ರಕ್ತನಾಳಗಳು ಊದಿಕೊಳ್ಳುವುದರಿಂದ. ಎರಡಕ್ಕೂ ಒಂದೇ ಮದ್ದು ಅಂದುಕೊಂಡರೆ ತೊಂದರೆ ಅಲ್ಲಿಂದಲೇ ಶುರು.

ಮೊದಲ ವಾರದ ಮನೆಮದ್ದು

ಮೊದಲ ವಾರ ಅಕ್ಕ ಮಾಡಿದ್ದೆಲ್ಲ ಬಹುತೇಕ ಸರಿಯಾಗಿಯೇ ಇತ್ತು. ಬಿಸಿ ಬಿಸಿಯಾಗಿ ಕುಡಿಯುತ್ತಿದ್ದಳು. ಇದು ಬರೀ ನಂಬಿಕೆ ಅಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ನೆಗಡಿಯಾದವರಿಗೆ ಒಂದೇ ಪಾನೀಯವನ್ನು ಬಿಸಿಯಾಗಿ ಕೆಲವರಿಗೆ, ಬಿಸಿ ಮಾಡದೆ ಕೆಲವರಿಗೆ ಕೊಟ್ಟರು. ಬಿಸಿಯಾಗಿ ಕುಡಿದವರು ಮೂಗು ಸೋರುವುದು, ಕೆಮ್ಮು, ಸೀನು ಕಡಿಮೆಯಾಯಿತು ಅಂದರು. ಉಪಕರಣ ಇಟ್ಟು ಅಳೆದರೆ ಮೂಗಿನಲ್ಲಿ ಗಾಳಿ ಹೋಗುವ ಪ್ರಮಾಣವೇನೂ ಬದಲಾಗಿರಲಿಲ್ಲ. ಹಾಗಿದ್ದರೂ ನನ್ನ ಮಟ್ಟಿಗೆ ಇದು ಒಳ್ಳೆಯ ಮದ್ದೇ. ಸಂಕಟ ಕಡಿಮೆಯಾಗುವುದೇ ನೆಗಡಿಯಲ್ಲಿ ನಮಗೆ ಬೇಕಾದದ್ದು, ಅಲ್ವಾ?

ಮೆಂತಾಲ್ ಇರುವ ಮುಲಾಮಿನ ಕತೆಯೂ ಇದೇ. ಮೂಗಿನಲ್ಲಿ ತಂಪನ್ನು ಗುರುತಿಸುವ ನರಗಳಿವೆ. ಮೆಂತಾಲ್ ಅವನ್ನು ತಟ್ಟಿ ಎಬ್ಬಿಸುತ್ತದೆ. ಗಾಳಿ ಸಲೀಸಾಗಿ ಹೋಗುತ್ತಿದೆ ಅನ್ನಿಸುತ್ತದೆ, ಊತ ಮಾತ್ರ ಹಾಗೇ ಇರುತ್ತದೆ. ರಾತ್ರಿ ನಿದ್ದೆ ಹತ್ತಲು ಅಷ್ಟು ಸಾಕು. ಆದರೆ ಕರ್ಪೂರ ಇರುವ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಲೇಬಾರದು. ಯಾರಿಗೇ ಆಗಲಿ ಹೊಳ್ಳೆಯ ಒಳಗೆ ಹಚ್ಚಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು.

ಹಬೆಯ ವಿಷಯದಲ್ಲಿ ನಾನು ಸ್ವಲ್ಪ ಖಡಕ್ಕು. ಹಬೆ ತಗೊಂಡಾಗ ಹಾಯೆನಿಸುವುದು ನಿಜ, ಗಟ್ಟಿ ಸಿಂಬಳ ಸಡಿಲವಾಗುತ್ತದೆ. ಆದರೆ ನೆಗಡಿ ಬೇಗ ವಾಸಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಕ್ಕಳು ಸುಟ್ಟಗಾಯದ ವಾರ್ಡುಗಳಿಗೆ ಬರುತ್ತಲೇ ಇರುತ್ತಾರೆ. ತಲೆಯ ಮೇಲೆ ಟವೆಲ್ ಹೊದ್ದು ಪಾತ್ರೆಯ ಮೇಲೆ ಬಗ್ಗುವುದನ್ನು ಮಕ್ಕಳಿಗಂತೂ ಮಾಡಿಸಬೇಡಿ. ಬಿಸಿನೀರಿನ ಸ್ನಾನ ಮಾಡಿ ಬಚ್ಚಲುಮನೆಯಲ್ಲೇ ಸ್ವಲ್ಪ ಹೊತ್ತು ನಿಂತರೆ ಅಷ್ಟೇ ಹಬೆ ಸಿಗುತ್ತದೆ. ಅಕ್ಕನೂ ಆಮೇಲೆ ಹಾಗೇ ಮಾಡತೊಡಗಿದಳು.

ಮಗನಿಗೆ ರಾತ್ರಿ ಕೆಮ್ಮು ಜಾಸ್ತಿಯಾದಾಗ ಮಲಗುವ ಮುಂಚೆ ಒಂದು ಚಮಚ ಜೇನು ಕೊಡುತ್ತಿದ್ದಳು. ಅದು ಕೆಲಸ ಮಾಡುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೊಡಲೇಬಾರದು, ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ನೆಗಡಿ ಶುರುವಾದ ಮೇಲೆ ವಿಟಮಿನ್ ಸಿ ನುಂಗುವುದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಸತುವಿನ ಅಂಶ ಇರುವ ಔಷಧಿಯನ್ನು ಮೂಗಿಗೆ ಹಾಕುವುದಂತೂ ಬೇಡವೇ ಬೇಡ. ವಾಸನೆ ಗ್ರಹಿಸುವ ಶಕ್ತಿಯೇ ಹೋಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿತ್ತು.

ನಾಲ್ಕನೇ ದಿನ ಸಿಂಬಳ ಗಟ್ಟಿಯಾಗಿ ಹಳದಿ ಹಸಿರು ಬಣ್ಣಕ್ಕೆ ತಿರುಗಿತು. "ಇನ್ಫೆಕ್ಷನ್ ಆಗಿದೆ, ಆ್ಯಂಟಿಬಯೋಟಿಕ್ ತಗೋ" ಅಂತ ಪರಿಚಯದವರೊಬ್ಬರು ಹೇಳಿದರಂತೆ. ಅಕ್ಕ ನನಗೆ ಫೋನ್ ಮಾಡಿ ಕೇಳಿದಳು. "ಬೇಡಕ್ಕ, ಬಣ್ಣ ನೋಡಿ ಹೇಳೋಕಾಗಲ್ಲ, ಕಾದು ನೋಡು" ಅಂದೆ. ವೈರಸ್ ಜೊತೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವ ಇದೆ. ಸಿಂಬಳಕ್ಕೆ ಆ ಬಣ್ಣ ಬರುವುದು ಅದರಿಂದ. ಸಾಮಾನ್ಯ ನೆಗಡಿಯಲ್ಲೂ ಹೀಗಾಗುತ್ತದೆ. ವೈರಸ್ ಮೇಲೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ.

ಡ್ರಾಪ್ಸ್ ಬಂದದ್ದು

ಐದನೇ ರಾತ್ರಿ ಮೂಗು ಪೂರ್ತಿ ಕಟ್ಟಿತು. ಬಾಯಿ ತೆರೆದುಕೊಂಡು ಮಲಗಿ ಗಂಟಲು ಒಣಗಿ ಎದ್ದು ಕೂರುವ ಪರಿಸ್ಥಿತಿ. ಮಾರನೇ ದಿನ ಮೆಡಿಕಲ್ ಸ್ಟೋರಿನಿಂದ ಮೂಗಿಗೆ ಹಾಕುವ ಡ್ರಾಪ್ಸ್ ತಂದಳು. ಒಳಗಿದ್ದದ್ದು ಜೈಲೋಮೆಟಜೋಲಿನ್. ಆಕ್ಸಿಮೆಟಜೋಲಿನ್ ಕೂಡ ಇದೇ ಗುಂಪಿನದು. ಹಾಕಿದ ಕೆಲವೇ ನಿಮಿಷದಲ್ಲಿ ರಕ್ತನಾಳಗಳು ಕುಗ್ಗಿ ಮೂಗು ತೆರೆದುಕೊಳ್ಳುತ್ತದೆ. ಅವಳು ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ತಪ್ಪೇನೂ ಇರಲಿಲ್ಲ. ಮೂರು ದಿನ, ಹೆಚ್ಚೆಂದರೆ ಐದು ದಿನ ಇದನ್ನು ಬಳಸಬಹುದು. ತೊಂದರೆ ಅದರ ನಂತರದ್ದು. ದಿನಾ ಹಾಕುತ್ತಾ ಹೋದರೆ ರಕ್ತನಾಳಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ. ಅದರ ಪ್ರಭಾವ ಇಳಿದ ತಕ್ಷಣ ಮೊದಲಿಗಿಂತ ಜೋರಾಗಿ ಊದಿಕೊಳ್ಳುತ್ತವೆ. ಮತ್ತೆ ಹಾಕಲೇಬೇಕು ಅನ್ನಿಸುತ್ತದೆ. ಎಂಟು ಗಂಟೆ ಬರುತ್ತಿದ್ದದ್ದು ಆರಕ್ಕಿಳಿಯುತ್ತದೆ, ಆಮೇಲೆ ನಾಲ್ಕಕ್ಕೆ. ವೈದ್ಯರು ಇದನ್ನು ರೈನೈಟಿಸ್ ಮೆಡಿಕಮೆಂಟೋಸಾ ಅನ್ನುತ್ತಾರೆ, ಅಂದರೆ ಔಷಧಿಯಿಂದಲೇ ಆದ ಮೂಗಿನ ಉರಿಯೂತ. ಸಿಕ್ಕಿಕೊಂಡವರಿಗೆ ತಾವು ಸಿಕ್ಕಿಕೊಂಡಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ನೆಗಡಿ ಇನ್ನೂ ಹೋಗಿಲ್ಲ ಅಂತಲೇ ಅಂದುಕೊಂಡಿರುತ್ತಾರೆ. ಅಕ್ಕನೂ ಹಾಗೇ ಅಂದುಕೊಂಡಳು.

ಇನ್ನೊಂದು ಗೋಜಲು ಏನೆಂದರೆ, ಈ ಡ್ರಾಪ್ಸ್ ಕಟ್ಟಿದ ಮೂಗನ್ನು ಬಿಡಿಸುತ್ತದೆಯೇ ಹೊರತು ಸೋರುವುದನ್ನು ಹೆಚ್ಚೇನೂ ನಿಲ್ಲಿಸುವುದಿಲ್ಲ. ಹಾಗಾಗಿ ಬೆಳಗ್ಗೆ ನೀರು ಸುರಿಯುವುದು ಹಾಗೇ ಉಳಿಯಿತು. ಕಟ್ಟುವುದು ಮಾತ್ರ ಇನ್ನಷ್ಟು ಹೆಚ್ಚಾಯಿತು. ಐದನೇ ವಾರದ ಹೊತ್ತಿಗೆ ಅವಳ ಪರ್ಸಿನಲ್ಲಿ ಒಂದು ಬಾಟಲಿ, ಕಚೇರಿಯ ಮೇಜಿನಲ್ಲಿ ಒಂದು, ದಿಂಬಿನ ಪಕ್ಕ ಒಂದು ಇರುತ್ತಿತ್ತು. ಕರವಸ್ತ್ರದಿಂದ ಒರೆಸಿ ಒರೆಸಿ ಮೂಗಿನ ಕೆಳಗೆ ಚರ್ಮ ಸುಲಿದು ಕೆಂಪಾಗಿತ್ತು. ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿಕೊಳ್ಳುವಂತೆ ಹೇಳಿದೆ. ಚರ್ಮಕ್ಕೆ ಅದಕ್ಕಿಂತ ಸುಲಭದ ಮದ್ದು ಬೇರೆ ಇಲ್ಲ.

ಒಂದು ಹಾಳೆ ಮತ್ತು ಐದು ಪ್ರಶ್ನೆ

ನಾನು ಅವಳ ಮನೆಗೆ ಹೋಗಿದ್ದಾಗ ಡಾಕ್ಟರ ಹತ್ತಿರ ಹೋಗುವ ದಿನ ಗೊತ್ತಾಗಿತ್ತು. ಅಷ್ಟರವರೆಗೆ ಒಂದು ಹಾಳೆಯಲ್ಲಿ ಬರೆದಿಡು ಅಂದೆ. ಎಷ್ಟು ಹೊತ್ತಿಗೆ? ಯಾವ ಹೊಳ್ಳೆ? ನೀರೋ ಗಟ್ಟಿಯೋ? ಸೀನು, ತುರಿಕೆ ಇದೆಯೋ? ಆಗ ಏನು ಮಾಡುತ್ತಿದ್ದೆ? ಡ್ರಾಪ್ಸ್ ಹಾಕಿದ ಹೊತ್ತನ್ನೂ ಬರೆಯಲು ಹೇಳಿದೆ. ಅವಳು ಬರೆದದ್ದು ಹೀಗಿತ್ತು:

"6:00. ಎದ್ದೆ. ಸಾಲು ಸಾಲು ಸೀನು. ಎರಡೂ ಕಡೆ ನೀರು. ಅಂಗುಳ, ಕಣ್ಣು ತುರಿಕೆ. ಡ್ರಾಪ್ಸ್.
8:30. ಸೀನು ಇಲ್ಲ. ನೀರು ಕಡಿಮೆ.
10:30. ಕಚೇರಿ. ಮೂಗು ಕಟ್ಟಿದೆ. ಡ್ರಾಪ್ಸ್.
2:30. ಪೂರ್ತಿ ಕಟ್ಟಿದೆ. ಡ್ರಾಪ್ಸ್.
6:45. ಮತ್ತೆ ಡ್ರಾಪ್ಸ್.
9:00. ಹಾಸಿಗೆ ಕೊಡವಿದೆ. ಸೀನು, ನೀರು ಶುರು.
11:00. ಡ್ರಾಪ್ಸ್ ಹಾಕಿ ಮಲಗಿದೆ."

ಮೂರು ದಿನದ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆವು. ಅಕ್ಕನೇ ಮೊದಲು ಗುರುತಿಸಿದಳು. "ಸೀನು, ನೀರು ಎಲ್ಲ ಹಾಸಿಗೆ ಹತ್ತಿರ ಇದ್ದಾಗಲೇ ಬರ್ತಿದೆ ಕಣೋ. ಕಚೇರಿಯಲ್ಲಿ ಬರೀ ಕಟ್ಟುತ್ತೆ." ನಾನು ನಾಲ್ಕು ಗಂಟೆಗೊಮ್ಮೆ ಬಂದಿರುವ ಡ್ರಾಪ್ಸಿನ ಸಾಲನ್ನು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಾನು ಅಷ್ಟೊಂದು ಸಲ ಹಾಕುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಈ ಹಾಳೆ ನನಗೆ ಎಷ್ಟೋ ಮನೆಮದ್ದಿಗಿಂತ ದೊಡ್ಡದು ಅನ್ನಿಸುತ್ತದೆ. ನೆಗಡಿಯ ಸೋರಿಕೆ ಹೊತ್ತು ಗೊತ್ತು ನೋಡುವುದಿಲ್ಲ, ದಿನ ಕಳೆದಂತೆ ಗಟ್ಟಿಯಾಗುತ್ತಾ ಕಡಿಮೆಯಾಗುತ್ತದೆ. ಅಲರ್ಜಿಯದ್ದು ನೀರಿನಷ್ಟು ತೆಳ್ಳಗೆ, ಸಾಲು ಸೀನು ಮತ್ತು ತುರಿಕೆಯ ಜೊತೆ, ನಿರ್ದಿಷ್ಟ ಜಾಗ ಅಥವಾ ಹೊತ್ತಿನಲ್ಲಿ ಬರುತ್ತದೆ. ಜ್ವರ ಇರುವುದಿಲ್ಲ. ತುರಿಕೆಯೇ ಇಲ್ಲದೆ, ತಣ್ಣನೆ ಗಾಳಿಗೆ, ಘಾಟು ವಾಸನೆಗೆ, ಖಾರ ತಿಂದಾಗ ಮಾತ್ರ ಸೋರುವ ಮೂಗೂ ಇದೆ. ಅದು ನರಗಳು ಅತಿಯಾಗಿ ಸ್ಪಂದಿಸುವುದರಿಂದ ಆಗುವಂಥದ್ದು, ವಯಸ್ಸಾದವರಲ್ಲಿ ಜಾಸ್ತಿ. ಅದಕ್ಕೆ ಅಲರ್ಜಿ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬಸುರಿನಲ್ಲಿ ಹಾರ್ಮೋನಿನಿಂದಲೂ, ಬಿಪಿಯ ಕೆಲವು ಮಾತ್ರೆಗಳಿಂದಲೂ ಮೂಗು ಕಟ್ಟಿ ಸೋರಬಹುದು. ಅತ್ತಾಗ ಮೂಗು ಸೋರುವುದಂತೂ ಸರಳ: ಕಣ್ಣೀರಿನ ಒಂದು ನಾಳ ನೇರ ಮೂಗಿಗೇ ತೆರೆದುಕೊಳ್ಳುತ್ತದೆ.

ಬೇರೇನೂ ಅಲ್ಲ ಅಂತ ಖಚಿತ ಮಾಡಿಕೊಂಡದ್ದು

"ಯಾವ ಹೊಳ್ಳೆ" ಅನ್ನುವ ಪ್ರಶ್ನೆಯನ್ನು ನಾನು ಸುಮ್ನೆ ಕೇಳಿಸಿದ್ದಲ್ಲ. ಒಂದೇ ಕಡೆಯಿಂದ ಸೋರಿದರೆ ಅದು ಬೇರೆಯದೇ ಲೆಕ್ಕ.

ತಲೆಗೆ ಪೆಟ್ಟಾದ ಮೇಲೆ ಅಥವಾ ಮೂಗಿನ, ತಲೆಯ ಆಪರೇಷನ್ ಆದ ಮೇಲೆ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮೆದುಳಿನ ಸುತ್ತ ಇರುವ ದ್ರವ ಆಗಿರಬಹುದು. ಮುಂದಕ್ಕೆ ಬಗ್ಗಿದಾಗ ಜಾಸ್ತಿ ಬರುತ್ತದೆ, ಬಾಯಿಗೆ ಉಪ್ಪುಪ್ಪಾಗಿ ಹತ್ತುತ್ತದೆ. ಕೆಲವರಿಗೆ ಪೆಟ್ಟೇ ಇಲ್ಲದೆಯೂ ಆಗುತ್ತದೆ. ಅಲ್ಲಿರುವ ಸಣ್ಣ ಸೀಳಿನ ಮೂಲಕ ರೋಗಾಣು ಒಳಹೊಕ್ಕರೆ ಮೆದುಳಿನ ಪೊರೆಗೆ ಸೋಂಕು ತಗಲುತ್ತದೆ. ಬೀಟಾ-2 ಟ್ರಾನ್ಸ್‌ಫೆರಿನ್ ಅನ್ನುವ ಪರೀಕ್ಷೆ ಮಾಡಿ ಆ ದ್ರವವನ್ನು ಗುರುತಿಸುತ್ತಾರೆ. ಇಂಥದ್ದಕ್ಕೆ ಮನೆಮದ್ದು ಅನ್ನುವ ಮಾತೇ ಇಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಸಣ್ಣ ಮಗುವಿನ ಒಂದೇ ಹೊಳ್ಳೆಯಿಂದ ಗಬ್ಬು ವಾಸನೆಯ ಸಿಂಬಳ ಬಂದರೆ ಮಗು ಏನಾದರೂ ತುರುಕಿಕೊಂಡಿದೆ ಅಂತಲೇ ಮೊದಲು ಅನುಮಾನ ಪಡಬೇಕು. ಮಣಿ, ಕಾಳು, ಸ್ಪಂಜಿನ ಚೂರು ಯಾವುದಾದರೂ ಇರಬಹುದು. ಗುಂಡಗಿನ ಸಣ್ಣ ಬಟನ್ ಬ್ಯಾಟರಿ ಆಗಿದ್ದರೆ ಕೆಲವೇ ಗಂಟೆಯಲ್ಲಿ ಒಳಗಿನ ಗೋಡೆ ಸುಟ್ಟುಹೋಗುತ್ತದೆ. ಬೆಳಗಾಗಲಿ ಅಂತ ಕಾಯಬಾರದು. ಮನೆಯಲ್ಲಿ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗುವುದೂ ಬೇಡ. ವಯಸ್ಕರಲ್ಲಿ ಒಂದೇ ಕಡೆ ಪದೇ ಪದೇ ರಕ್ತ ಬೆರೆತು ಬಂದರೂ ತೋರಿಸಲೇಬೇಕು.

ಇನ್ನು ಸೈನಸ್ ಸೋಂಕು, ಅಂದರೆ ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಗಾಳಿ ತುಂಬಿದ ಪೊಳ್ಳುಗಳ ಸೋಂಕು. ಹತ್ತು ದಿನ ಕಳೆದರೂ ಒಂಚೂರೂ ಇಳಿಯದಿದ್ದರೆ, ಅಥವಾ ಐದಾರು ದಿನಕ್ಕೆ ಸುಧಾರಿಸಿ ಮತ್ತೆ ಜ್ವರ, ಮುಖನೋವು, ಕೀವಿನಂಥ ಸಿಂಬಳದೊಂದಿಗೆ ಮರುಕಳಿಸಿದರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಅಕ್ಕನಿಗೆ ಜ್ವರ ಬಂದಿರಲಿಲ್ಲ, ಮುಖನೋವು ಇರಲಿಲ್ಲ, ಎರಡೂ ಹೊಳ್ಳೆಯಿಂದ ಬರುತ್ತಿದ್ದದ್ದು ತಿಳಿನೀರು.

ಡಾಕ್ಟರ್ ಹೇಳಿದ್ದು

ಕಿವಿ ಮೂಗು ಗಂಟಲಿನ ವೈದ್ಯರು ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ಒಳಗಿನ ಪೊರೆ ಕೆಂಪಾಗಿ ಊದಿಕೊಂಡಿತ್ತು. "ನಿಮ್ಮ ನೆಗಡಿ ಹೋಗಿ ತಿಂಗಳಾಯಿತಮ್ಮ. ಈಗ ಕಟ್ಟುತ್ತಿರುವುದು ಡ್ರಾಪ್ಸಿನಿಂದ. ಬೆಳಗ್ಗೆ ಸೋರುವುದು ಅಲರ್ಜಿ ಇರಬೇಕು" ಅಂದರು. ಚರ್ಮದ ಮೇಲೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆಯಲ್ಲಿ ಧೂಳಿನ ಹುಳಕ್ಕೆ ದೊಡ್ಡದಾಗಿ ಗಂಧೆ ಎದ್ದಿತು.

ಈ ಹುಳ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿಯೇ ಅದಕ್ಕೆ ಊಟ. ಬೆಚ್ಚಗೆ, ಸ್ವಲ್ಪ ತೇವವಾಗಿರುವ ಜಾಗ ಇಷ್ಟ. ಹಾಸಿಗೆ, ದಿಂಬುಗಳಿಗಿಂತ ಒಳ್ಳೆಯ ಮನೆ ಅದಕ್ಕೆ ಎಲ್ಲಿ ಸಿಗಬೇಕು? ಅದು ಕಚ್ಚುವುದಿಲ್ಲ. ಅದರ ಹಿಕ್ಕೆಯ ಕಣಗಳು ಉಸಿರಿನ ಜೊತೆ ಒಳಗೆ ಹೋದಾಗ, ಅಲರ್ಜಿ ಇರುವವರ ಮೂಗಿನ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತವೆ. ತುರಿಕೆ, ಸೀನು, ನೀರು ಎಲ್ಲ ಅದರ ಕೆಲಸ. ಬಾಲ್ಯದಿಂದ ಇದ್ದ ಬೆಳಗಿನ ಸೀನಿಗೆ ಕೊನೆಗೂ ಅರ್ಥ ಸಿಕ್ಕಿತು. ಪೆಟ್ಟಿಗೆಯಿಂದ ತೆಗೆದ ಹಳೆ ಹೊದಿಕೆ ಅದನ್ನು ಹತ್ತುಪಟ್ಟು ಮಾಡಿತ್ತು.

ಡ್ರಾಪ್ಸ್ ಬಿಡಿಸಿದ ರೀತಿ ನನಗೆ ತುಂಬಾ ಹಿಡಿಸಿತು. ಎರಡೂ ಹೊಳ್ಳೆಗೆ ಒಮ್ಮೆಲೇ ನಿಲ್ಲಿಸಿದರೆ ರಾತ್ರಿ ಉಸಿರಾಡುವುದೇ ಕಷ್ಟ, ಜನ ಮತ್ತೆ ಬಾಟಲಿಗೆ ಕೈ ಹಾಕುತ್ತಾರೆ. ಹಾಗಾಗಿ ಮೊದಲು ಬಲಗಡೆ ನಿಲ್ಲಿಸಿ, ಎಡಗಡೆಗೆ ಮಾತ್ರ ಹಾಕಿಕೊಳ್ಳಲು ಹೇಳಿದರು. ಬಲಗಡೆ ತಾನಾಗಿ ತೆರೆದುಕೊಂಡ ಮೇಲೆ ಎಡಗಡೆಗೂ ನಿಲ್ಲಿಸಬೇಕು. ಜೊತೆಗೆ ಎರಡೂ ಕಡೆ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಸ್ಟೀರಾಯ್ಡ್ ಅಂದ ಕೂಡಲೇ ಅಕ್ಕ ಹೆದರಿದಳು. ಮೂಗಿಗೆ ಹಾಕುವುದು ತೀರಾ ಕಡಿಮೆ ಪ್ರಮಾಣ, ಮೈಗೆ ಸೇರುವುದು ಅತ್ಯಲ್ಪ ಅಂತ ವೈದ್ಯರು ಬಿಡಿಸಿ ಹೇಳಿದರು. ಇದು ಡ್ರಾಪ್ಸಿನ ಹಾಗೆ ನಿಮಿಷದಲ್ಲಿ ಕೆಲಸ ಮಾಡುವುದಿಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಬಲಹೊಳ್ಳೆಗೆ ಎಡಗೈಯಿಂದ, ಎಡಹೊಳ್ಳೆಗೆ ಬಲಗೈಯಿಂದ ಹಾಕಿಕೊಂಡರೆ ತುದಿ ತಾನಾಗಿ ಹೊರಗಡೆಗೆ, ಅಂದರೆ ಕಿವಿಯ ದಿಕ್ಕಿಗೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ನೇರ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ.

ಸೀನು, ನೀರು ಜಾಸ್ತಿ ಇರುವ ದಿನಕ್ಕೆ ಸೆಟಿರಿಜಿನ್ ಅನ್ನುವ ಅಲರ್ಜಿ ಮಾತ್ರೆ ಹೇಳಿದರು. ಕೆಲವರಿಗೆ ಅದರಿಂದ ತೂಕಡಿಕೆ ಬರುತ್ತದೆ, ಹಾಗಾಗಿ ರಾತ್ರಿ ತಗೊಳ್ಳುವುದು ಒಳ್ಳೆಯದು.

ಉಪ್ಪು ನೀರು

ಮನೆಮದ್ದುಗಳಲ್ಲಿ ನಾನು ಒಂದನ್ನೇ ಆರಿಸಿಕೊಳ್ಳಬೇಕಾದರೆ ಉಪ್ಪು ನೀರಿನಿಂದ ಮೂಗು ತೊಳೆಯುವುದನ್ನೇ ಆರಿಸುತ್ತೇನೆ. ನೆಗಡಿ, ಅಲರ್ಜಿ, ಸೈನಸ್ ಮೂರಕ್ಕೂ ಹೊಂದುತ್ತದೆ. ಗಟ್ಟಿ ಸಿಂಬಳ, ಧೂಳಿನ ಕಣ ಎರಡನ್ನೂ ತೊಳೆದು ಹಾಕುತ್ತದೆ. ಚಟ ಹತ್ತುವುದಿಲ್ಲ. ಆದರೆ ಮಾಡುವ ಕ್ರಮದಲ್ಲಿ ಉದಾಸೀನ ಸಲ್ಲದು. ಅಕ್ಕನ ಮನೆಯಲ್ಲಿ ಮೊದಲ ಸಲ ನಾವಿಬ್ಬರೂ ಸೇರಿ ಮಾಡಿದೆವು.

ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಮರಳುವ ತನಕ ಕಾಯಿಸಿ, ಮರಳಲು ಶುರುವಾದ ಮೇಲೂ ಒಂದು ನಿಮಿಷ ಬಿಟ್ಟು, ಮುಚ್ಚಿ ಆರಿಸಿದೆವು. ತುಂಬಾ ಎತ್ತರದ ಬೆಟ್ಟದ ಊರಲ್ಲಿರುವವರು ಮೂರು ನಿಮಿಷ ಮರಳಿಸಬೇಕು. ನಲ್ಲಿ ನೀರನ್ನು ಹಾಗೇ ಮೂಗಿಗೆ ಹಾಕಬಾರದು. ನೆಗ್ಲೇರಿಯಾ ಫೌಲೆರಿ ಅನ್ನುವ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋದರೆ ಬದುಕುವವರು ತೀರಾ ಅಪರೂಪ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಹೀಗೆ ತೀರಿಕೊಂಡರು. ಅದೇ ನೀರನ್ನು ಕುಡಿದರೆ ಈ ಅಮೀಬಾದಿಂದ ಅಪಾಯ ಇಲ್ಲ, ಮೂಗಿಗೆ ಹೋದರೆ ಮಾತ್ರ.

ಉಗುರುಬೆಚ್ಚಗಾದ ಮೇಲೆ ಅರ್ಧ ಲೀಟರ್ ಅಳೆದು, ಅದಕ್ಕೆ ಮಟ್ಟ ಮಾಡಿದ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಅಯೋಡಿನ್ ಬೆರೆಸದ ಪುಡಿ ಉಪ್ಪು ಹಾಕಿದೆವು. ನಮ್ಮ ಮೈಯ ದ್ರವದಲ್ಲಿರುವ ಉಪ್ಪಿಗೆ ಇದು ಹತ್ತಿರ ಹತ್ತಿರ ಸಮ. ಉಪ್ಪಿಲ್ಲದ ಬರೀ ನೀರು ಮೂಗಿನಲ್ಲಿ ಚುರುಗುಟ್ಟುವುದು ಈ ಸಮ ಇಲ್ಲದ್ದಕ್ಕೆ. ಉಪ್ಪಾದ ಮೇಲೂ ಉರಿ ಅನ್ನಿಸಿದರೆ ಅಡುಗೆ ಸೋಡಾ ಒಂದು ಚಿಟಿಕೆ ಹಾಕಬಹುದು.

ಅಕ್ಕ ಸಿಂಕಿನ ಮೇಲೆ ಬಗ್ಗಿ, ತಲೆಯನ್ನು ಎಡಕ್ಕೆ ವಾಲಿಸಿದಳು. "ಬಾಯಿ ತೆಗೆದು ಬಾಯಲ್ಲೇ ಉಸಿರಾಡಕ್ಕ" ಅಂದೆ. ಮೇಲಿರುವ ಬಲಹೊಳ್ಳೆಗೆ ಮೆತ್ತನೆ ಬಾಟಲಿಯಿಂದ ನಿಧಾನಕ್ಕೆ ನೀರು ಬಿಟ್ಟಳು. ಮೊದಲು ಏನೂ ಬರಲಿಲ್ಲ, ಅಷ್ಟು ಕಟ್ಟಿತ್ತು. ಸ್ವಲ್ಪ ನೀರು ಗಂಟಲಿಗೆ ಇಳಿದು ಕೆಮ್ಮಿ ಉಗಿದಳು. ಒತ್ತಡ ಇನ್ನೂ ಕಡಿಮೆ ಮಾಡಿ ಮತ್ತೆ ಬಿಟ್ಟಾಗ ಎಡಹೊಳ್ಳೆಯಿಂದ ತೊಟ್ಟು ತೊಟ್ಟಾಗಿ ಶುರುವಾಗಿ ಆಮೇಲೆ ಸರಾಗವಾಗಿ ಹರಿಯಿತು. ಗೋಂದಿನಂಥ ಒಂದು ಗಟ್ಟಿ ಎಳೆಯೂ ಬಂತು. "ಅಬ್ಬಾ, ಹಣೆ ಹಗುರಾಯ್ತು" ಅಂದಳು.

ತೊಳೆದ ಕೂಡಲೇ ಎರಡೂ ಹೊಳ್ಳೆ ಹಿಡಿದು ಜೋರಾಗಿ ಸಿಂಬಳ ತೆಗೆಯಬಾರದು. ಜೋರು ಮಾಡಿದರೆ ಮೂಗಿನೊಳಗಿನ ದ್ರವ ಸೈನಸ್ಸಿಗೆ ನುಗ್ಗುತ್ತದೆ, 2000ದಲ್ಲೇ ಸಂಶೋಧಕರು ಇದನ್ನು ತೋರಿಸಿದ್ದಾರೆ. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಮೆಲ್ಲಗೆ. ಈ ನಿಯಮ ಮಾಮೂಲಿ ನೆಗಡಿಗೂ ಸೇರಿ. ಮಲಗುವ ಮುಂಚೆ ತೊಳೆದರೆ ಒಳಗೆ ಉಳಿದ ನೀರು ಗಂಟಲಿಗೆ ಇಳಿಯುತ್ತದೆ, ಸಂಜೆಯೇ ಮಾಡುವುದು ಮೇಲು. ಬಾಟಲಿಯನ್ನು ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಬೇಕು. ಕಾಯಿಸಿದ ನೀರನ್ನು ಮುಚ್ಚಿಟ್ಟರೂ ಒಂದು ದಿನದ ಮೇಲೆ ಬಳಸಬಾರದು. ಪುಟ್ಟ ಮಕ್ಕಳಿಗೆ ಹೀಗೆ ಸುರಿಯುವುದು ಬೇಡ, ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್, ಅಂದರೆ ಬರೀ ಉಪ್ಪು ನೀರಿನ ಡ್ರಾಪ್ಸ್ ಎರಡೆರಡು ಹನಿ ಹಾಕಿ, ರಬ್ಬರ್ ಬಲ್ಬಿನಿಂದ ಹೀರಿ ತೆಗೆದರೆ ಸಾಕು. ಮೂರು ತಿಂಗಳೊಳಗಿನ ಕೂಸಿಗೆ ನೆಗಡಿಯ ಜೊತೆ ಜ್ವರ ಬಂದರೆ ಮನೆಯಲ್ಲಿ ಇಟ್ಟುಕೊಳ್ಳದೆ ಅದೇ ದಿನ ತೋರಿಸಿ.

ಹಾಸಿಗೆಯ ಕೆಲಸ, ಆಮೇಲಿನ ದಿನಗಳು

ಹಳೆ ದಿಂಬು, ಹೊದಿಕೆಗಳನ್ನು ಅಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಆಚೆ ಹಾಕಿದಳು. ಉಳಿದ ಹಾಸು, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ತೊಳೆಯುವ ಏರ್ಪಾಡು ಮಾಡಿಕೊಂಡಳು. ತಣ್ಣೀರಿನಲ್ಲಿ ಹುಳ ಸಾಯುವುದಿಲ್ಲ. ಹಾಸಿಗೆಗೆ, ದಿಂಬಿಗೆ ಹುಳ ದಾಟದಂಥ ಒತ್ತು ನೇಯ್ಗೆಯ ಕವರ್ ಬಂತು. ಬೆಳಗ್ಗೆ ಎದ್ದ ಕೂಡಲೇ ಹೊದಿಕೆ ಮಡಚಿ ಮುಚ್ಚಿಡುವ ಬದಲು, ಕಿಟಕಿ ತೆಗೆದು ಹಾಸಿಗೆಯ ತೇವ ಆರಲು ಬಿಡುತ್ತಾಳೆ. ಒಣ ಬಟ್ಟೆಯಲ್ಲಿ ಧೂಳು ಕೊಡವುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. ಹಾಸಿಗೆ ಕೊಡವುವ ಕೆಲಸ ಭಾವನದ್ದಾಯಿತು.

ಡ್ರಾಪ್ಸ್ ಬಿಟ್ಟ ಮೊದಲ ನಾಲ್ಕು ರಾತ್ರಿ ನಿಜಕ್ಕೂ ಕಷ್ಟವಾಯಿತು. ಬಲಹೊಳ್ಳೆ ಕಲ್ಲಿನಂತೆ ಕಟ್ಟಿತ್ತು. ತಲೆದಿಂಬು ಎತ್ತರ ಮಾಡಿಕೊಂಡು, ಸಂಜೆ ಉಪ್ಪುನೀರು ಹಾಕಿಕೊಂಡು ಹೇಗೋ ತಳ್ಳಿದಳು. ಒಂದು ರಾತ್ರಿ ನನಗೆ ಫೋನ್ ಮಾಡಿ "ಒಂದೇ ಒಂದು ಹನಿ ಹಾಕ್ಕೊಳ್ಳಾ?" ಅಂತ ಕೇಳಿದಳು. "ಎಡಗಡೆಗೆ ಹಾಕ್ಕೋ, ಬಲಗಡೆಗೆ ಬೇಡ, ಇಷ್ಟು ದೂರ ಬಂದಿದ್ದೀಯ" ಅಂದೆ. ಎಂಟನೇ ದಿನ ಬಲಗಡೆ ತಾನಾಗಿ ತೆರೆಯಿತು. ಅದಾದ ಮೇಲೆ ಎಡಗಡೆಗೆ ನಿಲ್ಲಿಸುವಾಗ ಅವಳಿಗೆ ಅಷ್ಟು ಭಯ ಇರಲಿಲ್ಲ, ಒಂದು ಕಡೆ ಹೇಗೂ ಗಾಳಿ ಹೋಗುತ್ತಿತ್ತು. ಮೂರನೇ ವಾರಕ್ಕೆ ಡ್ರಾಪ್ಸ್ ಪೂರ್ತಿ ನಿಂತಿತು.

ಬೆಳಗಿನ ಸೀನು ಮಾಯವಾಗಿಲ್ಲ. ಎರಡು ಮೂರು ಬರುತ್ತದೆ, ನಿಲ್ಲುತ್ತದೆ. ಮನೆಯ ಅಟ್ಟ, ಕಪಾಟು ಶುಚಿ ಮಾಡುವ ದಿನ ಮಾಸ್ಕ್ ಹಾಕಿಕೊಳ್ಳುತ್ತಾಳೆ, ಕೆಲಸ ಮುಗಿದ ಮೇಲೆ ಮೂಗು ತೊಳೆಯುತ್ತಾಳೆ. ಮೊನ್ನೆ ಮಗನಿಂದ ಇನ್ನೊಂದು ನೆಗಡಿ ಹತ್ತಿತ್ತು. ಒಂಬತ್ತನೇ ದಿನಕ್ಕೆ ಹೋಯಿತು, ಡ್ರಾಪ್ಸ್ ಮುಟ್ಟಲಿಲ್ಲ. ಸ್ಪ್ರೇಯನ್ನು ಈಗ ಕಡಿಮೆ ಮಾಡುತ್ತಾ ಬರಲು ವೈದ್ಯರು ಹೇಳಿದ್ದಾರೆ. ಸೀನು ಮತ್ತೆ ಹೆಚ್ಚಾದರೆ ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಯನ್ನು ಒಗ್ಗಿಸುವ ದೀರ್ಘಾವಧಿಯ ಇಮ್ಯುನೋಥೆರಪಿಯ ಬಗ್ಗೆ ಮುಂದಿನ ಭೇಟಿಯಲ್ಲಿ ಮಾತಾಡೋಣ ಅಂದಿದ್ದಾರೆ.